ಕೂಗಲು ನಾಚಿದ ಮುಂಗುಸಿ

ಮಕ್ಕಳೇ, ಕಾಡಿನ ಪ್ರಾಣಿಗಳೂ ಗಾಲ್ಫ್ ಆಡುತ್ತವೆ ಎಂದರೆ ನೀವು ನಗುತ್ತೀರಿ. ನಕ್ಕು ಮುಗಿಸಿ. ಆಮೇಲೆ ಕತೆ ಕೇಳಿ.

ಕಾಡಿನ ಅಂಚಿನಲ್ಲಿ ಒಂದು ತಂತಿಬೇಲಿ. ಬೇಲಿಯ ಆಚೆ ಮನುಷ್ಯರ ಗಾಲ್ಫ್ ಮೈದಾನ. ಈಚೆ ಒಂದು ಕೆರೆ, ಕೆರೆಯ ಪಕ್ಕದಲ್ಲಿ ಪ್ರಾಣಿಗಳ ಹುಲ್ಲುಬಯಲು. ಆಚೆಯವರು ಒಂದು ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಎಲ್ಲೋ ದೂರದಲ್ಲಿರುವ ಪುಟ್ಟ ಕುಳಿಗೆ ಬೀಳಿಸಲು ಬೆಳಗ್ಗೆಯೆಲ್ಲ ಹೆಣಗುತ್ತಿದ್ದರು. ಕಡಿಮೆ ಏಟಿನಲ್ಲಿ ಬೀಳಿಸಿದವರು ಗೆದ್ದಂತೆ. ಏಟು ತಪ್ಪಿದ ಚೆಂಡುಗಳು ಬೇಲಿ ಹಾರಿ ಈಚೆಗೆ ಬರುತ್ತಿದ್ದವು. ಆಚೆಯವರು ಏಟು ತಪ್ಪಿಸುವುದರಲ್ಲಿ ಗಟ್ಟಿಗರಾಗಿದ್ದರಿಂದ ಪ್ರಾಣಿಗಳಿಗೆ ಚೆಂಡಿನ ಕೊರತೆ ಎಂದೂ ಆಗಲಿಲ್ಲ. ಬಾಗಿದ ಕೋಲಿಗಂತೂ ಕಾಡಿನಲ್ಲಿ ಬರವಿಲ್ಲ.

ಆಟಕ್ಕಿಂತ ಮೊದಲು ಆಟದ ಮರ್ಯಾದೆಯನ್ನು ಕಲಿಸಿದವನು ಆಮೆ ಸಿದ್ದಜ್ಜ. ಅವನು ಕೋಲನ್ನು ಬಾಯಲ್ಲಿ ಕಚ್ಚಿ, ಕತ್ತನ್ನು ನಿಧಾನವಾಗಿ ತಿರುಗಿಸಿ ಚೆಂಡು ಹೊಡೆಯುತ್ತಿದ್ದ. ಹಿಂದೆ ಯಾರಾದರೂ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದ. "ನೀವು ಮುಂದೆ ಆಡಿಕೊಳ್ಳಿ, ನನಗೇನು ಬಸ್ಸು ತಪ್ಪುತ್ತಾ?" ಎನ್ನುತ್ತಿದ್ದ. ಅವನು ಸರಿಯುವ ಹೊತ್ತಿಗೆ ಹಿಂದಿನವರು ಒಂದು ನಿದ್ದೆ ತೆಗೆದಿರುತ್ತಿದ್ದರು, ಅದು ಬೇರೆ ಮಾತು.

ಒಂದು ದಿನ ಮುಂಗುಸಿ ಕೆಂಚಪ್ಪನಿಗೂ ಆಟ ಕಲಿಯುವ ಆಸೆ ಹುಟ್ಟಿತು.

ಕೆಂಚಪ್ಪ ಆ ಕಾಡಿನಲ್ಲಿ ಹೆಸರುವಾಸಿ. ಮೊಲಗಳ ಪೊದೆಗೆ ಬಂದಿದ್ದ ನಾಗರಹಾವನ್ನು ಒಬ್ಬನೇ ಹೆದರಿಸಿ ಓಡಿಸಿದವನು. ಅವನು ಹೋಗುವಾಗ ಅಳಿಲುಗಳು ಕೂಡ ಎದ್ದು ನಿಲ್ಲುತ್ತಿದ್ದವು. ಹಾವಿನ ಮುಂದೆ ಮಿಂಚಿನಂತೆ ಓಡಾಡುವ ತನಗೆ ಒಂದು ಸತ್ತ ಚೆಂಡು ಯಾವ ಲೆಕ್ಕ ಎಂದುಕೊಂಡಿದ್ದ. ಒಂದೇ ಏಟಿಗೆ ಕುಳಿಯೊಳಗೆ ಹಾಕಿ ತೋರಿಸುತ್ತೇನೆ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡೂ ಬಂದಿದ್ದ.

ಆದರೆ ಟಿಟ್ಟಿಭ ಹಕ್ಕಿ ತುಂಗಮ್ಮ ಒಪ್ಪಲಿಲ್ಲ. ಅವಳು ಮರದಲ್ಲಿ ಗೂಡು ಕಟ್ಟುವವಳಲ್ಲ. ಬಯಲಿನ ಕಲ್ಲುಗಳ ನಡುವೆ, ನೆಲದ ಮೇಲೆಯೇ ಮೊಟ್ಟೆ ಇಟ್ಟು ಕಾವು ಕೊಡುತ್ತಿದ್ದಳು. ಮುಂಗುಸಿಗೆ ಮೊಟ್ಟೆ ಎಂದರೆ ನಿಮಗೆ ಹೋಳಿಗೆ ಇದ್ದಂತೆ.

"ಅವನು ಬಯಲಿಗೆ ಬಂದರೆ ನನ್ನ ಮಕ್ಕಳ ಗತಿ ಏನು ಸಿದ್ದಜ್ಜ?" ಎಂದು ಕೇಳಿದಳು.

ಕೆಂಚಪ್ಪ ನೆಲ ಮುಟ್ಟಿ ಮಾತು ಕೊಟ್ಟ. ಬಯಲಿನಲ್ಲಿ ಮೊಟ್ಟೆ, ಮರಿ ಯಾವುದನ್ನೂ ಮೂಸಿ ಕೂಡ ನೋಡುವುದಿಲ್ಲ ಎಂದ. ಸಿದ್ದಜ್ಜ ಅವನಿಗೆ ಜಾಮೀನು ನಿಂತ. ಅವನು ಮಾತು ತಪ್ಪಿದರೆ ತಾನೂ ಬಯಲು ಬಿಟ್ಟು ಹೋಗುತ್ತೇನೆ ಎಂದ. ಅಜ್ಜನ ಮುಖ ನೋಡಿ ತುಂಗಮ್ಮ ಸುಮ್ಮನಾದಳು, ಆದರೂ ಒಂದು ಕಣ್ಣನ್ನು ಕೆಂಚಪ್ಪನ ಮೇಲೆಯೇ ಇಟ್ಟಿದ್ದಳು.

ಪಾಠ ಶುರುವಾಯಿತು. ಇನ್ನೊಬ್ಬರು ಹೊಡೆಯುವಾಗ ಅಲುಗಾಡಬಾರದು, ಮಾತಾಡಬಾರದು. ಏಟಿಗೆ ಹುಲ್ಲಿನ ಹೆಂಟೆ ಕಿತ್ತು ಬಂದರೆ ಅದನ್ನು ತಂದು ಅದೇ ಜಾಗದಲ್ಲಿ ಕೂರಿಸಿ, ಕಾಲಿನಿಂದ ಒತ್ತಬೇಕು. ಚೆಂಡು ಮರಳುಗುಂಡಿಗೆ ಬಿದ್ದರೆ ಹೊಡೆದಾದ ಮೇಲೆ ತನ್ನ ಹೆಜ್ಜೆಗಳನ್ನು ಸಮ ಮಾಡಿ ಮೇಲೆ ಬರಬೇಕು. ಇವನ್ನೆಲ್ಲ ಕೆಂಚಪ್ಪ ಬಲು ಬೇಗ ಕಲಿತ. ಅವನ ಪೊದೆಬಾಲ ಮರಳಿನ ಮೇಲೆ ಒಂದು ಸಲ ಆಡಿದರೆ ಸಾಕು, ಅಲ್ಲಿ ಯಾರೂ ಕಾಲಿಟ್ಟೇ ಇಲ್ಲ ಎನ್ನುವಂತೆ ಕಾಣುತ್ತಿತ್ತು. ಅವನ ಜೊತೆ ಆಡುತ್ತಿದ್ದ ಮೊಲ ಸಾಕಮ್ಮ, ಇಷ್ಟು ಅಚ್ಚುಕಟ್ಟಿನ ಆಟಗಾರನನ್ನು ತಾನು ನೋಡಿಯೇ ಇಲ್ಲ ಎಂದು ಕಾಡೆಲ್ಲ ಹೊಗಳಿದಳು.

ಕೊನೆಯ ಪಾಠವೊಂದಿತ್ತು. ಹೊಡೆದ ಚೆಂಡು ಯಾರ ಕಡೆಗಾದರೂ ಹೋದರೆ, ಹೊಡೆದವನು ಕೂಡಲೇ ಗಟ್ಟಿಯಾಗಿ ಕೂಗಬೇಕು. ಬೇಲಿಯಾಚೆ ಮನುಷ್ಯರು 'ಫೋರ್' ಎಂದು ಕೂಗುತ್ತಾರೆ. ಅದು ಏನೆಂದು ಸಿದ್ದಜ್ಜನಿಗೂ ಗೊತ್ತಿರಲಿಲ್ಲ. ಹಾಗಾಗಿ ಈಚೆಯವರು ಎಲ್ಲರಿಗೂ ತಿಳಿಯುವಂತೆ 'ತಲೆ ಜೋಪಾನ' ಎಂದು ಕೂಗುತ್ತಿದ್ದರು. ಆ ಕೂಗು ಕೇಳಿದ ಕೂಡಲೇ ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತಿತ್ತು, ಮೊಲ ಪೊದೆ ಸೇರುತ್ತಿತ್ತು.

ಇದೊಂದು ಪಾಠ ಮಾತ್ರ ಕೆಂಚಪ್ಪನ ಗಂಟಲಲ್ಲಿ ಇಳಿಯಲಿಲ್ಲ.

ಯಾಕೆ ಗೊತ್ತೇ? ಚೆಂಡು ನೆಟ್ಟಗೆ ಹೋದರೆ ಯಾರೂ ಕೂಗುವುದಿಲ್ಲ. ಕೂಗಿದರೆ ಏಟು ತಪ್ಪಿದೆ ಎಂದೇ ಅರ್ಥ. ಇಡೀ ಬಯಲು ತಿರುಗಿ ನೋಡುತ್ತದೆ. ಹಾವನ್ನು ಓಡಿಸಿದ ಕೆಂಚಪ್ಪನಿಗೆ ಚೆಂಡು ಹೊಡೆಯಲು ಬರುವುದಿಲ್ಲ ಎಂದು ತನ್ನ ಬಾಯಿಂದಲೇ ಸಾರಿದಂತೆ. ಅದನ್ನು ನೆನೆದರೇ ಅವನ ಮೈ ಮುದುಡುತ್ತಿತ್ತು.

ಹಾಗಾಗಿ ಅವನ ಚೆಂಡು ಮೊದಲ ಸಲ ದಾರಿ ತಪ್ಪಿದಾಗ ಅವನು ತುಟಿ ಬಿಚ್ಚಲಿಲ್ಲ. ಚೆಂಡು ಬಲಕ್ಕೆ ವಾಲಿ, ಹುಲ್ಲಿನ ಮೇಲೆ ಪುಟಿಯುತ್ತ ಹೋಗಿ ಸಿದ್ದಜ್ಜನ ಚಿಪ್ಪಿಗೆ ಟಣ್ ಎಂದು ಬಡಿಯಿತು. ಅಜ್ಜ ಕತ್ತು ಹೊರಗೆ ಹಾಕಿ ಸುತ್ತ ನೋಡಿದ.

"ಏನಾಯಿತು ಅಜ್ಜ?" ಎಂದು ಕೆಂಚಪ್ಪನೇ ಓಡಿಬಂದು ವಿಚಾರಿಸಿದ. "ಬೇಲಿಯಾಚೆಯಿಂದ ಬಂದಿರಬೇಕು. ಆ ಮನುಷ್ಯರಿಗೆ ಒಂದಿಷ್ಟೂ ಜವಾಬ್ದಾರಿ ಇಲ್ಲ ನೋಡು."

ಸಿದ್ದಜ್ಜ ಅವನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ಚೆಂಡಿನ ಕಡೆ ನಡೆದ. ಅಜ್ಜನಿಗೆ ಚಿಪ್ಪಿದೆ, ನೋವಾಗಿರಲಿಕ್ಕಿಲ್ಲ ಎಂದು ಕೆಂಚಪ್ಪ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಮೈದಾನದಲ್ಲಿ ಸದ್ದು ಮಾಡಬಾರದು ಎಂದು ಅಜ್ಜನೇ ಕಲಿಸಿದ್ದಲ್ಲವೇ ಎಂದೂ ಸೇರಿಸಿಕೊಂಡ. ನಮಗೆ ಬೇಕಾದಾಗ ಪಾಠ ಎಷ್ಟು ಚೆನ್ನಾಗಿ ನೆನಪಿಗೆ ಬರುತ್ತದೆ ನೋಡಿ.

ಅಷ್ಟರಲ್ಲಿ ತುಂಗಮ್ಮನ ನಾಲ್ಕು ಮೊಟ್ಟೆಗಳೂ ಒಡೆದು ಮರಿಗಳು ಹೊರಬಂದವು. ಟಿಟ್ಟಿಭದ ಮರಿಗಳು ಗೂಡಿನಲ್ಲಿ ಕೂತು ತಿನ್ನುವ ಸೋಮಾರಿಗಳಲ್ಲ. ಮೈ ಒಣಗಿದ ಕೂಡಲೇ ಓಡುತ್ತವೆ. ಉದ್ದುದ್ದ ಕಾಲಿನ ಆ ಉಣ್ಣೆಯುಂಡೆಗಳು ತಾಯಿಯ ಹಿಂದೆ ಬಯಲು ದಾಟಿ ಕೆರೆಗೆ ಹೋಗುವುದನ್ನು ನೋಡಲು ಎಲ್ಲರೂ ಆಟ ನಿಲ್ಲಿಸುತ್ತಿದ್ದರು.

ಅಂದು ಬೆಳಗ್ಗೆ ಕೆಂಚಪ್ಪ ದಿಬ್ಬದ ಮೇಲೆ ನಿಂತಿದ್ದ. ಬಿಸಿಲು ಹಿತವಾಗಿತ್ತು. ಇವತ್ತು ಒಂದೇ ಏಟಿಗೆ ಕುಳಿ ಎಂದುಕೊಂಡು ಹಿಂಗಾಲ ಮೇಲೆ ಎದ್ದು, ಕೋಲೆತ್ತಿ ಬಲವಾಗಿ ಬೀಸಿದ. ಚೆಂಡು ಮೇಲೆದ್ದಿತು, ಸ್ವಲ್ಪ ದೂರ ನೆಟ್ಟಗೆ ಹೋಯಿತು, ಆಮೇಲೆ ಎಡಕ್ಕೆ ತಿರುಗಿ ಕೆರೆಯ ಏರಿಯ ಕಡೆ ಇಳಿಯತೊಡಗಿತು. ಅಲ್ಲಿ ತುಂಗಮ್ಮ ಮರಿಗಳನ್ನು ನೀರು ಕುಡಿಸಲು ಕರೆದುಕೊಂಡು ಹೋಗುತ್ತಿದ್ದಳು.

ಸಾಕಮ್ಮ ನೋಡಿದಳು. ಇನ್ನೊಬ್ಬರ ಆಟದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ರೂಢಿ, ಕೂಗುವ ಕೆಲಸ ಹೊಡೆದವನದು. ಅವನು ಈಗ ಕೂಗುತ್ತಾನೆ, ಈಗ ಕೂಗುತ್ತಾನೆ ಎಂದು ಅವನ ಮುಖ ನೋಡಿದಳು. ಕೆಂಚಪ್ಪ ಮೋಡ ನೋಡುತ್ತಾ ನಿಂತಿದ್ದ.

ಚೆಂಡು ತುಂಗಮ್ಮನ ಬೆನ್ನ ಹಿಂದೆ ಏರಿಯ ಮೇಲೆ ಬಿದ್ದು ಪುಟಿಯಿತು. ಮರಿಗಳು ದಿಕ್ಕಾಪಾಲಾದವು. ತುಂಗಮ್ಮನ ಚೀರಾಟ ಕೆರೆಯ ಆಚೆ ದಡಕ್ಕೂ ಕೇಳಿಸಿತು.

ಎಲ್ಲರೂ ಓಡಿ ಬಂದರು. ಒಂದು ಮರಿ ಜೊಂಡಿನಲ್ಲಿ ಸಿಕ್ಕಿತು, ಒಂದು ಕಲ್ಲಿನ ಪಕ್ಕ ಕಲ್ಲಿನಂತೆಯೇ ಮುದುಡಿ ಕೂತಿತ್ತು, ಇನ್ನೊಂದು ತಾನಾಗಿ ತಾಯಿಯ ಬಳಿಗೆ ಬಂತು. ನಾಲ್ಕನೆಯದು ಎಲ್ಲೂ ಇಲ್ಲ. ತುಂಗಮ್ಮ ಕರೆದಳು, ಕಿವಿಗೊಟ್ಟಳು, ಮತ್ತೆ ಕರೆದಳು. ಉತ್ತರ ಬರಲಿಲ್ಲ.

ಆಮೇಲೆ ಅವಳು ಕೆಂಚಪ್ಪನ ಕಡೆ ತಿರುಗಿದಳು. ಈ ಸಲ ಅವಳ ದನಿ ತೀರಾ ತಗ್ಗಿತ್ತು.

"ನಾನು ಅವತ್ತೇ ಹೇಳಿದ್ದೆ. ಮುಂಗುಸಿ ಮುಂಗುಸಿಯೇ."

ಎಲ್ಲರೂ ಕೆಂಚಪ್ಪನ ಬಾಯನ್ನೇ ನೋಡಿದರು. ಚೆಂಡು ಕಂಡಿದ್ದ ಸಾಕಮ್ಮ ಕೂಡ, ಹೊಡೆದವನೇ ಹೇಳಲಿ ಎಂದು ಅವನ ಕಡೆಗೇ ನೋಡಿದಳು. ಮಕ್ಕಳೇ, ಪಾಪ ಅವನು ಮರಿಯನ್ನು ಮುಟ್ಟಿರಲಿಲ್ಲ. ಆದರೆ ನಂಬುವವರು ಯಾರು?

ಸಿದ್ದಜ್ಜ ಬಂದು ತಲುಪಿದ. ಅವನು ಅಷ್ಟು ಬೇಗ ನಡೆದದ್ದನ್ನು ಯಾರೂ ನೋಡಿರಲಿಲ್ಲ.

"ನೀನು ಮುಟ್ಟಿದೆಯಾ ಕೆಂಚಪ್ಪ?"

"ಇಲ್ಲ ಅಜ್ಜ."

"ಹಾಗಾದರೆ ಮರಿಗಳು ಯಾಕೆ ಚದುರಿದವು?"

ಕೆಂಚಪ್ಪ ಆಕಾಶ ನೋಡಿದ. ಗಿಡುಗ ಬಂದಿತ್ತು ಎಂದುಬಿಟ್ಟರೆ ಆಗಿತ್ತು. ಆಟದ ಹೆಸರೂ ಉಳಿಯುತ್ತಿತ್ತು, ಮಾತಿನ ಹೆಸರೂ ಉಳಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಅಷ್ಟರಲ್ಲಿ ತುಂಗಮ್ಮ ಉಳಿದ ಮೂರು ಮರಿಗಳನ್ನು ಅವನಿಗೆ ಕಾಣದ ಹಾಗೆ ರೆಕ್ಕೆಯೊಳಗೆ ಎಳೆದುಕೊಂಡಳು. ಅದನ್ನು ನೋಡಿ ಅವನು ಗಿಡುಗದ ಮಾತನ್ನು ನುಂಗಿಕೊಂಡ.

"ನನ್ನ ಚೆಂಡು," ಎಂದ. "ಏಟು ತಪ್ಪಿತು. ಈ ಕಡೆ ಬರುತ್ತಿರುವುದು ಕಾಣಿಸಿತು. ಕೂಗಲು ನಾಚಿಕೆಯಾಗಿ ಸುಮ್ಮನಿದ್ದೆ. ಮೊನ್ನೆ ನಿನ್ನ ಬೆನ್ನಿಗೆ ಬಿದ್ದದ್ದೂ ನನ್ನದೇ ಅಜ್ಜ."

ಯಾರೂ ನಗಲಿಲ್ಲ. ಅವನು ಅಷ್ಟು ದಿನ ಹೆದರಿದ್ದ ನಗು ಅಲ್ಲಿ ಇರಲೇ ಇಲ್ಲ.

"ಚೆಂಡು ಎಲ್ಲಿಗೆ ಹೋಯಿತು, ನೋಡಿದೆಯಾ?" ಎಂದು ಸಿದ್ದಜ್ಜ ಕೇಳಿದ.

ಮೋಡ ನೋಡುವ ನಟನೆ ಮಾಡಿದ್ದರೂ ಕೆಂಚಪ್ಪ ಓರೆಗಣ್ಣಿನಲ್ಲಿ ಚೆಂಡನ್ನೇ ನೋಡಿದ್ದ. ತಾನು ಹೊಡೆದ ಚೆಂಡನ್ನು ನೋಡದೆ ಇರುವವರು ಯಾರಿದ್ದಾರೆ? ಏರಿಯ ಮೇಲೆ ಪುಟಿದು, ಎರಡು ಕಲ್ಲುಗಳ ನಡುವೆ ಉರುಳಿ ಮಾಯವಾದ ಜಾಗ ಅವನೊಬ್ಬನಿಗೇ ಗೊತ್ತಿತ್ತು. ಅವನು ಮುಂದೆ ಓಡಿದ, ಉಳಿದವರು ಹಿಂದೆ.

ಕಲ್ಲುಗಳ ನಡುವೆ ಒಂದು ಏಡಿಬಿಲ. ಅದರ ಬಾಯಿಗೆ ಸೀಸೆಗೆ ಬಿರಡೆ ಹಾಕಿದಂತೆ ಬಿಳಿ ಚೆಂಡು ಗಟ್ಟಿಯಾಗಿ ಕೂತಿತ್ತು. ಕೆಂಚಪ್ಪ ಕಿವಿಯಿಟ್ಟ. ಒಳಗಿನಿಂದ ಏನೋ ಸಣ್ಣಗೆ ಕೇಳಿಸಿತು, ಅಥವಾ ಕೇಳಿಸಿದಂತಾಯಿತು. ಹೆದರಿದ ಮರಿ ಸಿಕ್ಕ ಬಿಲಕ್ಕೆ ನುಗ್ಗಿತ್ತು, ಹಿಂದೆಯೇ ಉರುಳಿ ಬಂದ ಚೆಂಡು ಬಾಗಿಲು ಹಾಕಿತ್ತು. ಬಿಲದೊಳಗೆ ಗಾಳಿ ಎಷ್ಟು ಹೊತ್ತು ಸಾಲುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಅಗೆಯುವುದರಲ್ಲಿ ಮುಂಗುಸಿಯನ್ನು ಮೀರಿಸುವವರಿಲ್ಲ. ಕೆಂಚಪ್ಪ ಚೆಂಡಿನ ಸುತ್ತ ಮಣ್ಣು ಕೆರೆದ, ಉಗುರಿನಿಂದ ಚೆಂಡನ್ನು ಎಬ್ಬಿಸಿ ಆಚೆ ಎಸೆದ, ಬಿಲದ ಬಾಯನ್ನು ಅಗಲ ಮಾಡಿದ. ಒಳಗೆ ಒಂದು ಪುಟ್ಟ ಕೊಕ್ಕು ಕಂಡಿತು. ಕೂಡಲೇ ಅವನು ದೂರ ಹೋಗಿ ಬೆನ್ನು ತಿರುಗಿಸಿ ನಿಂತ. ಮರಿ ಮೊದಲು ನೋಡಬೇಕಾದದ್ದು ತಾಯಿಯ ಮುಖ, ಮುಂಗುಸಿಯ ಮುಖವಲ್ಲ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಮರಿ ಹೊರಬಂತು. ಮೈಯೆಲ್ಲ ಕೆಸರು. ಒಂದು ಸೀನು ಸೀನಿ, ಏನೂ ಆಗಿಲ್ಲವೆಂಬಂತೆ ನೀರಿನ ಕಡೆ ಓಡಿತು. ತುಂಗಮ್ಮ ಅದರ ಹಿಂದೆ ಎರಡು ಹೆಜ್ಜೆ ಹೋದವಳು ನಿಂತಳು.

"ಕೂಗಿದ್ದರೆ ನಾನು ಮಕ್ಕಳನ್ನು ಪೊದೆಯ ಹಿಂದಕ್ಕೆ ಕರೆದುಕೊಳ್ಳುತ್ತಿದ್ದೆ ಕಣಣ್ಣ," ಎಂದಳು. ಕೆಂಚಪ್ಪನನ್ನು ಅವಳು ಅಣ್ಣ ಎಂದದ್ದು ಅದೇ ಮೊದಲು. "ನಾನೂ ನಿನ್ನ ಮೇಲೆ ಇಲ್ಲದ್ದನ್ನು ಹೊರಿಸಿದೆ."

ಎಲ್ಲರೂ ಮನಸ್ಸು ಹಗುರವಾಗಿ ಹುಲ್ಲಿನ ಮೇಲೆ ಕೂತರು. ಸದ್ದು ಮಾಡಬಾರದೆಂಬ ಪಾಠವನ್ನು ನೆಪ ಮಾಡಿಕೊಂಡಿದ್ದನ್ನೂ ಕೆಂಚಪ್ಪ ಒಪ್ಪಿಕೊಂಡ. ಸಿದ್ದಜ್ಜ ತಲೆಯಾಡಿಸಿದ.

"ಇನ್ನೊಬ್ಬರು ಹೊಡೆಯುವಾಗ ಸುಮ್ಮನಿರುವುದು ಅವರಿಗಾಗಿ. ನೀನು ಹೊಡೆದಾಗ ಕೂಗುವುದೂ ಅವರಿಗಾಗಿ. ಎರಡೂ ಒಂದೇ ಪಾಠ ಕಣಪ್ಪ. ನೀನು ಎರಡರಲ್ಲೂ ನಿನ್ನನ್ನೇ ನೋಡಿಕೊಂಡೆ."

"ಬೆನ್ನಿಗೆ ಬಡಿದದ್ದು ನನ್ನ ಚೆಂಡು ಎಂದು ನಿನಗೆ ಗೊತ್ತಿತ್ತಾ?"

"ಅವತ್ತು ಬೇಲಿ ನನ್ನ ಎಡಕ್ಕಿತ್ತು, ಆಚೆಯ ಚೆಂಡಾದರೆ ಎಡದಿಂದ ಬರಬೇಕು. ಅದು ಬಲಗಡೆಗೆ ಬಡಿಯಿತು. ನೀನೇ ಹೇಳುತ್ತೀಯ ಎಂದು ಕಾದೆ. ಕಾಯುವುದು ನನಗೇನು ಕಷ್ಟವಲ್ಲ." ಅಜ್ಜ ಬಿಲದ ಕಡೆ ಕತ್ತು ಚಾಚಿದ. "ಅಂತೂ ಒಂದೇ ಏಟಿಗೆ ಒಳಗೆ ಹಾಕಿದೆ ಬಿಡು. ಕುಳಿ ಮಾತ್ರ ಬೇರೆಯದಾಯಿತು."

ಮೊದಲು ನಕ್ಕವಳು ತುಂಗಮ್ಮ. ಆಮೇಲೆ ಸಾಕಮ್ಮ. ಕೊನೆಗೆ ಕೆಂಚಪ್ಪನೂ ನಕ್ಕ. ನಗೆಗೀಡಾದರೆ ಸತ್ತೇ ಹೋಗುತ್ತೇನೆ ಎಂದುಕೊಂಡಿದ್ದವನಿಗೆ ಅದು ಕಚಗುಳಿಯಿಟ್ಟಷ್ಟೇ ಆಯಿತು. ಎದ್ದು ಹೋಗುವ ಮೊದಲು ಅವನು ಬಿಲದ ಸುತ್ತ ಅಗೆದ ಮಣ್ಣನ್ನು ಬಾಲದಿಂದ ಸಮ ಮಾಡಿದ. ಏಡಿಗೂ ಒಂದು ಮನೆ ಬೇಕಲ್ಲ.

ಅಂದಿನಿಂದ ಕೆಂಚಪ್ಪ ಎಂಥ ಕೂಗುಗಾರನಾದ ಎಂದರೆ, ಚೆಂಡು ಮೂರು ಮೊಳ ಉರುಳಿದರೂ 'ತಲೆ ಜೋಪಾನ' ಎಂದು ಇಡೀ ಕೆರೆಗೆ ಕೇಳುವಂತೆ ಕೂಗುತ್ತಿದ್ದ. ಬೇಲಿಯಾಚೆಯ ಮನುಷ್ಯರೂ ಒಮ್ಮೊಮ್ಮೆ ತಲೆ ತಗ್ಗಿಸುತ್ತಿದ್ದರು. ಒಂದೇ ಏಟಿಗೆ ಚೆಂಡನ್ನು ಕುಳಿಗೆ ಹಾಕುವ ಆಸೆ ಇನ್ನೂ ಕೈಗೂಡಿಲ್ಲ. ಅದರ ಚಿಂತೆಯೂ ಅವನಿಗೆ ಅಷ್ಟಾಗಿ ಇಲ್ಲ.

ತುಂಗಮ್ಮನ ಮರಿಗಳು ಈಗ ದೊಡ್ಡವಾಗಿವೆ. ಕೆಂಚಪ್ಪ ಮಾವ ದಿಬ್ಬದ ಮೇಲೆ ಕೋಲೆತ್ತಿದರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ ನಾಲ್ಕೂ ಸೇರಿ "ತಲೆ ಜೋಪಾನ" ಎಂದು ಕೂಗಿ ಪೊದೆಯ ಹಿಂದೆ ಓಡುತ್ತವೆ. ಅವನು ಕೋಲು ಕೆಳಗಿಟ್ಟು, ನಕ್ಕು, ಮತ್ತೆ ಎತ್ತುತ್ತಾನೆ. ಆಮೇಲೆ ತಾನೂ ಒಂದು ಸಲ ಕೂಗುತ್ತಾನೆ.

ನೀತಿ: ತಪ್ಪಿದ ಏಟನ್ನು ನಾಚಿಕೆಯಿಂದ ಮುಚ್ಚಿಟ್ಟರೆ ಪೆಟ್ಟು ಬೀಳುವುದು ಬೇರೆಯವರಿಗೆ, ಕೂಡಲೇ ಕೂಗಿ ಹೇಳಿದರೆ ಅವರ ತಲೆಯೂ ಉಳಿಯುತ್ತದೆ, ನಮ್ಮ ಮರ್ಯಾದೆಯೂ ಉಳಿಯುತ್ತದೆ.