ಗಾಲಿಮನೆಯ ಬಕೆಟ್

ಸರ್ಕಸ್ ಜೋಕರ್ ಯಮನೂರಪ್ಪನ ಸಂಸಾರ ಲಾರಿಯ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಯಲ್ಲಿತ್ತು. ಮಳೆ ಬಂದರೆ ಹಾಸಿಗೆಯ ತಲೆದೆಸೆಗೆ ಸೋರುತ್ತಿತ್ತು. ಹೆಂಡತಿ ಶಾಂತವ್ವ ಅಲ್ಲಿ ಬಕೆಟ್ ಇಟ್ಟಳು. ಒಂದು ಹನಿಯನ್ನೂ ಆಚೆ ಬೀಳಗೊಡದೆ ಬಕೆಟ್ ಬೀಗುತ್ತಿತ್ತು.

ಚಾವಣಿಯ ಮರದ ತೊಲೆ ಅದನ್ನು ಬೇಡಿಕೊಂಡಿತು: "ತಮ್ಮಾ, ನೀರು ಒಳಗೆ ಬರುವುದು ಆಚೆ ಮೂಲೆಯ ಬಿರುಕಿನಿಂದ. ನನ್ನ ಮೈಮೇಲೆ ಹರಿದು ಬಂದು ನಿನ್ನೊಳಗೆ ಬೀಳುತ್ತದೆ. ನಾನು ಕೊಳೆಯುತ್ತಿದ್ದೇನೆ. ಗಾಡಿ ಕುಲುಕಿದಾಗ ಒಮ್ಮೆ ಪಕ್ಕಕ್ಕೆ ಸರಿ. ಹಾಸಿಗೆ ನೆನೆದರೆ ಯಜಮಾನರು ಮೇಲೆ ಹತ್ತಿ ಬಿರುಕು ಹುಡುಕುತ್ತಾರೆ."

"ದಣಿದವರ ನಿದ್ದೆ ಕೆಡಿಸುವ ಕೆಲಸ ನನ್ನಿಂದಾಗದು, ಅಣ್ಣಾ," ಎಂದಿತು ಬಕೆಟ್.

ಶಾಂತವ್ವ "ಸೋರೋದು ನೋಡ್ರಿ" ಎಂದಾಗಲೆಲ್ಲ ಯಮನೂರಪ್ಪ, "ಬಕೆಟ್ ಐತಲ್ಲ, ಮುಂದಿನ ಊರಾಗ ನೋಡೂಣು" ಎನ್ನುತ್ತಿದ್ದ.

ಊರುಗಳು ಕಳೆದವು. ಒಮ್ಮೆ ಗಾಡಿ ಗುಂಡಿಗೆ ಇಳಿದ ಹೊಡೆತಕ್ಕೆ ತೊಲೆ ಮುರಿದು ಬಿತ್ತು. ಅದರ ಒಳಗೆಲ್ಲ ಕೊಳೆತು ಲಡ್ಡಾಗಿತ್ತು.

"ಒಂದು ಸಲ ನಾನು ಸರಿದಿದ್ದರೆ ನೀನು ಉಳಿಯುತ್ತಿದ್ದೆ, ಅಣ್ಣಾ," ಎಂದು ಬಕೆಟ್ ಗೋಳಾಡಿತು.

ಆ ಗಾಡಿ ಬಿಟ್ಟು ಕೊಂಡ ಇನ್ನೊಂದು ಹಳೆಯ ಗಾಲಿಮನೆಯೂ ಮೊದಲ ಮಳೆಗೇ ಸೋರಿತು. ಶಾಂತವ್ವ ಅದೇ ಬಕೆಟ್ ತಂದಿಟ್ಟಳು. ಗಾಡಿ ಕುಲುಕಿದಾಗ ಬಕೆಟ್ ಬೇಕೆಂದೇ ಪಕ್ಕಕ್ಕೆ ಸರಿಯಿತು. ಹಾಸಿಗೆ ನೆನೆಯಿತು.

"ಇಷ್ಟು ದಿನ ಗಪ್ಪ ಕುಂತಿತ್ತು, ಈಗೇನು ರೋಗ ಬಂತು ಇದಕ್ಕ?" ಎಂದು ಯಮನೂರಪ್ಪ ಹಗ್ಗ ತಂದು, ಬಕೆಟನ್ನು ಹನಿಯ ಕೆಳಗೇ ಕಿಟಕಿಯ ಸರಳಿಗೆ ಬಿಗಿದು ಕಟ್ಟಿದ.