ಹಿಂದಿನ ಜಗಲಿಯ ಪಾಠ

"ಗುರುಗಳೇ, ಕಂಡಕಂಡವರ ಬಾಯಿಮಾತು ಸೇರಿ ಪಾಠ ಕೆಡದಂತೆ ಕೇಂದ್ರ ನಡೆಸುವುದು ಹೇಗೆ?" ಎಂದು ಶಿಷ್ಯ ಕೇಳಿದ. ವಿಶ್ವವಿದ್ಯಾಲಯದ ಭಾಷಾ ಕಲಿಕಾ ಕೇಂದ್ರ ಅದೇ ವಾರ ಅವನ ಕೈಗೆ ಬಂದಿತ್ತು.

ಗುರುಗಳ ಮುಖ ಬಿಗಿಯಿತು. ಅವರು ಹೇಳಿದರು:

ಒಬ್ಬ ಪಂಡಿತ ಒಂದು ಊರಿನಲ್ಲಿ ಇಂಥದೇ ಕೇಂದ್ರ ತೆರೆದ. ಬೆಟ್ಟದ ಜನ ಕೂಲಿಗಾಗಿ ಆ ಊರಿಗೆ ಬಂದು ನೆಲೆಸಿದ್ದರು. ಅವರ ಭಾಷೆಯನ್ನು ಊರಿನವರಿಗೆ ಕಲಿಸುವುದು ಕೇಂದ್ರದ ಕೆಲಸ. ಪಂಡಿತ ಆ ಭಾಷೆಯ ವ್ಯಾಕರಣ ಬರೆದವನು. ಗಾಜಿನ ಕೋಣೆಗಳನ್ನು ಕಟ್ಟಿಸಿದ. ಪಾಠಗಳನ್ನೆಲ್ಲ ತನ್ನದೇ ದನಿಯಲ್ಲಿ ಯಂತ್ರಕ್ಕೆ ತುಂಬಿಸಿದ.

ಆಸ್ಪತ್ರೆಯ ಒಬ್ಬ ನರ್ಸ್ ಕಲಿಯಲು ಬಂದಳು. ಬೆಟ್ಟದ ಹೆಂಗಸರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಬಂದು ಹೇಳುವುದು ಅವಳಿಗೆ ಒಂದೂ ತಿಳಿಯುತ್ತಿರಲಿಲ್ಲ. ಆರು ವಾರ ಯಂತ್ರದ ಪಾಠ ಕೇಳಿದಳು. ಹುಣ್ಣಿಮೆಯನ್ನು ವರ್ಣಿಸಲು ಬಂತು. ಹೊಟ್ಟೆನೋವೇ ಎಂದು ಕೇಳಲು ಬರಲಿಲ್ಲ.

ಕೇಂದ್ರದಲ್ಲಿ ಕಸ ಗುಡಿಸುವವಳು ಬೆಟ್ಟದವಳು. ಊರಿನ ಮಾತೂ ಬಲ್ಲವಳು. ನರ್ಸ್ ಚಹಾದ ಹೊತ್ತಿನಲ್ಲಿ ಹಿಂದಿನ ಜಗಲಿಯಲ್ಲಿ ಅವಳ ಪಕ್ಕ ಕುಳಿತಳು. ಜ್ವರಕ್ಕೆ ಏನನ್ನುತ್ತೀರಿ, ವಾಂತಿಗೆ ಏನನ್ನುತ್ತೀರಿ ಎಂದು ಕೇಳಿದಳು. ನರ್ಸ್‌ನ ನಾಲಿಗೆ ಹೊರಳದಿದ್ದಾಗ ಗುಡಿಸುವವಳು ನಗುತ್ತಿದ್ದಳು. "ನಮ್ಮ ಎರಡು ವರ್ಷದ ಕೂಸು ನಿಮಗಿಂತ ವಾಸಿ, ನರ್ಸಮ್ಮ."

ಮೂರನೆಯ ದಿನ ಇದು ಪಂಡಿತನ ಕಣ್ಣಿಗೆ ಬಿತ್ತು. ಇನ್ನೊಮ್ಮೆ ಕಲಿಯುವವರ ಜೊತೆ ಬಾಯಿ ಬಿಟ್ಟರೆ ಕೆಲಸವಿಲ್ಲ ಎಂದು ಗುಡಿಸುವವಳನ್ನು ಗದರಿಸಿದ. ಜಗಲಿಯ ಬಾಗಿಲಿಗೆ ಬೀಗ ಹಾಕಿಸಿದ. ನರ್ಸ್ ಕೇಂದ್ರದ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ತೇರ್ಗಡೆಯಾದಳು.

ಒಂದು ಬೆಳಿಗ್ಗೆ ಬೆಟ್ಟದ ತಾಯಿಯೊಬ್ಬಳು ವಾಂತಿ ಮಾಡುತ್ತಿದ್ದ ಮಗುವನ್ನು ಆಸ್ಪತ್ರೆಗೆ ತಂದಳು. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಅದು ಯಾವ ಪಾಠದಲ್ಲೂ ಇರಲಿಲ್ಲ. ಗುಡಿಸುವವಳನ್ನು ಕರೆತರಲು ನರ್ಸ್ ಆಸ್ಪತ್ರೆಯ ಆಯಾಳನ್ನು ಕೇಂದ್ರಕ್ಕೆ ಓಡಿಸಿದಳು. ಪಂಡಿತ ಬಾಗಿಲಲ್ಲೇ ತಡೆದ.

"ನಾನು ಪ್ರಮಾಣಪತ್ರ ಕೊಟ್ಟಿದ್ದೇನೆ. ಅದರ ಮೇಲೆ ಕಸ ಗುಡಿಸುವವಳು ಬೇರೆ ಬೇಕಂತೋ ನಿಮ್ಮ ನರ್ಸ್‌ಗೆ?"

ವೈದ್ಯರು ವಾಂತಿಗೆ ಔಷಧ ಕೊಟ್ಟರು. ಸಂಜೆಗೆ ಮಗು ತೀರಿಕೊಂಡಿತು.

ನರ್ಸ್ ಆಸ್ಪತ್ರೆಯ ಬಟ್ಟೆಯಲ್ಲೇ ಕೇಂದ್ರಕ್ಕೆ ನಡೆದಳು. ಅಂಗಳ ಗುಡಿಸುತ್ತಿದ್ದವಳ ಮುಂದೆ ನಿಂತು ತಾಯಿಯ ಆ ಮಾತನ್ನು ಹೇಳಿದಳು. ಪೊರಕೆ ನಿಂತಿತು.

"ಕಣಗಿಲೆ ಕಾಯಿ ಅದು, ವಿಷ. ಯಾರ ಮಗು ತಿಂತು, ನರ್ಸಮ್ಮ?"

ಒಳಗಿನಿಂದ ಪಂಡಿತ ಕೂಗಿದ. "ಯಾರದು ಅಲ್ಲಿ ಮತ್ತೆ ಮಾತು?"

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಪಂಡಿತನಿಗೆ ಮುಂದೆ ಏನಾಯಿತು ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ನಿನ್ನ ಕೇಂದ್ರದಲ್ಲಿ ಕಸ ಗುಡಿಸುವವಳು ಮನೆಯಲ್ಲಿ ಯಾವ ಭಾಷೆ ಆಡುತ್ತಾಳೆ, ಮೊದಲು ಅದನ್ನು ಹೇಳು."