ಸೊನ್ನೆಗೆ ಮರಳದ ಮುಳ್ಳು

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ತೂಕದ ಯಂತ್ರದ ಮುಳ್ಳನ್ನು ದಿನಾ ಬೆಳಿಗ್ಗೆ ಸೊನ್ನೆಗೆ ತಂದು ನಿಲ್ಲಿಸುತ್ತಿದ್ದರು. ಅದನ್ನು ಕಂಡು ಬಿಪಿ ಯಂತ್ರ, "ಎಷ್ಟು ಸಲ ತಿದ್ದಿಸಿಕೊಳ್ಳುತ್ತೀಯಯ್ಯ? ಹನ್ನೆರಡು ವರ್ಷದಲ್ಲಿ ನನ್ನನ್ನು ಯಾರೂ ಅನುಮಾನಿಸಿಲ್ಲ" ಎಂದಿತು.

"ಅನುಮಾನಿಸಿಲ್ಲವೋ, ಪರೀಕ್ಷಿಸಿಯೇ ಇಲ್ಲವೋ?" ಎಂದಿತು ತೂಕದ ಯಂತ್ರ.

ತಾನು ಇಪ್ಪತ್ತು ಹೆಚ್ಚು ತೋರಿಸುವುದು ಬಿಪಿ ಯಂತ್ರಕ್ಕೆ ಗೊತ್ತಿತ್ತು. ಗುಜರಿಗೆ ಹಾಕುತ್ತಾರೆಂಬ ಭಯಕ್ಕೆ ಪ್ರತಿ ಸಲವೂ ಸೊನ್ನೆಗೆ ಮರಳಿ ತಪ್ಪನ್ನು ಮುಚ್ಚಿಡುತ್ತಿತ್ತು.

ಅಷ್ಟರಲ್ಲಿ ದ್ಯಾಮವ್ವ ಬಂದಳು. ಹೋದ ತಿಂಗಳು ಇದೇ ಯಂತ್ರವನ್ನು ನಂಬಿ ಡಾಕ್ಟರಮ್ಮ ಅವಳ ಮಾತ್ರೆ ಹೆಚ್ಚಿಸಿದ್ದರು. "ತಲೆ ಸುತ್ತಿ ನಲ್ಲಿಕಟ್ಟೆ ಮೇಲೆ ಬಿದ್ದೆ ತಾಯಿ" ಎಂದು ಹಣೆಯ ನಾಲ್ಕು ಹೊಲಿಗೆ ತೋರಿಸಿದಳು.

ಅವಳ ತೋಳಿನ ಪಟ್ಟಿ ಬಿಚ್ಚಿದ ಮೇಲೂ ಯಂತ್ರ ತನ್ನ ಮುಳ್ಳನ್ನು ಇಪ್ಪತ್ತರಲ್ಲೇ ಹಿಡಿದು ನಿಂತಿತು. ಡಾಕ್ಟರಮ್ಮ ಅದನ್ನೇ ದಿಟ್ಟಿಸಿದರು. ಬೇರೆ ಯಂತ್ರದಲ್ಲಿ ನೋಡಿ ಮಾತ್ರೆ ಇಳಿಸಿದರು, ಇದನ್ನು ರಿಪೇರಿಗೆ ಕಳಿಸಿದರು.

ವಾರದ ಮೇಲೆ ಅದು ಮರಳಿದಾಗ ತೂಕದ ಯಂತ್ರ ಮೆಲ್ಲಗೆ ಕೇಳಿತು: "ಬಹಳ ನೋವಾಯಿತೇ?"

"ಇಲ್ಲಣ್ಣ. ನನಗೆ ಒಂದು ತಿರುಪು ಬಿಗಿ ಮಾಡಿದರು, ಅಷ್ಟೇ. ಹೊಲಿಗೆ ಬಿದ್ದದ್ದು ಅವಳ ಹಣೆಗೆ."